ಕಾಲರಣ್ಣನ ಬ್ರೆಡ್ಡು, ಭಾವಮೈದನ ಪ್ಯಾಂಟು

ಆ ಯೂನಿಫಾರಂ ಕಾರ್ಖಾನೆಯಲ್ಲಿ ಯಾರು ಏನು ಹೊಲಿಯುತ್ತಾರೋ ಅದೇ ಅವರ ಹೆಸರು. ಜೇಬು ಹೊಲಿಯುವವನು ಜೇಬು. ಗುಂಡಿ ಕೂರಿಸುವವಳು ಗುಂಡಿಯಕ್ಕ. ತೋಳು ಜೋಡಿಸುವ ಅಕ್ಕತಂಗಿಯರಲ್ಲಿ ಒಬ್ಬಳು ಎಡತೋಳು, ಇನ್ನೊಬ್ಬಳು ಬಲತೋಳು. ಒಂದೇ ಅಂಗಿಯ ಎರಡು ಕಡೆ ಕೂತು ಕೆಲಸ ಮಾಡಿದರೂ ಅವರಿಬ್ಬರಿಗೆ ಮಾತು ಬಿಟ್ಟು ವರ್ಷಗಳಾಗಿದ್ದವು. ಕಾಲರ್ ಹೊಲಿಯುವ ನಮ್ಮ ಮನುಷ್ಯ ಕಾಲರಣ್ಣ.

ಕಾಲರಣ್ಣನಿಗೆ ಜೀವನದಲ್ಲಿ ಇದ್ದದ್ದು ಒಂದೇ ಸಿದ್ಧಾಂತ: ಯಾವ ವಸ್ತುವೇ ಆಗಲಿ ನೆಟ್ಟಗೆ ನಿಲ್ಲಬೇಕು. ಕಾಲರು ಬಗ್ಗಿತೋ, ಅಂಗಿ ಕೆಟ್ಟಿತು. ಆದ್ದರಿಂದ ಕಾಲರಿನೊಳಗೆ ಕೂರಿಸುವ ಗಡುಸು ಬಟ್ಟೆ, ಬಕ್ರಂ, ಒಂದು ಪದರ ಸಾಕೆನ್ನುವ ಕಡೆ ಅವನು ಎರಡು ಪದರ ಹಾಕುತ್ತಿದ್ದ. ಅವನು ಹೊಲಿದ ಅಂಗಿ ತೊಟ್ಟ ಬ್ಯಾಂಡಿನವರು ತಲೆ ಬಗ್ಗಿಸಲಾಗದೆ ಆಕಾಶ ನೋಡಿಕೊಂಡೇ ಊದುತ್ತಿದ್ದರು.

ಸಿದ್ಧಾಂತ ಒಂದಾದರೆ ಆಸೆಯೂ ಒಂದೇ. ಅದು ಕಟಿಂಗ್ ಮಾಸ್ಟರ ಕತ್ತರಿ.

ಆ ಕತ್ತರಿ ಎಂದರೆ ಮನೆಯಲ್ಲಿ ದಾರ ತುಂಡರಿಸುವಂಥದ್ದಲ್ಲ. ಮೊಳದುದ್ದದ ಕಬ್ಬಿಣ. ಪದರದ ಮೇಲೆ ಪದರ ಹಾಸಿದ ದಪ್ಪ ಬಟ್ಟೆ, ಒದ್ದೆ ಕ್ಯಾನ್ವಾಸು, ಒಮ್ಮೆ ಪಂದ್ಯ ಕಟ್ಟಿ ಹಳೆಯ ಬೂಟಿನ ಅಟ್ಟೆ, ಎಲ್ಲವನ್ನೂ ಅದು ಬೆಣ್ಣೆಯ ಹಾಗೆ ಕತ್ತರಿಸಿತ್ತು. ಅದು ಯಾರ ಕೈಯಲ್ಲಿದೆಯೋ ಅವರು ಮಾಸ್ಟರು. ಮಾಸ್ಟರು ಕೆಲಸ ಬಿಡುವ ದಿನ ಎಲ್ಲರೆದುರು ಅದನ್ನು ಒಬ್ಬರ ಕೈಗೆ ಕೊಡುತ್ತಾರೆ. ಆ ಮನುಷ್ಯ ಒಂದು ತುಂಡು ಬಟ್ಟೆ ಕತ್ತರಿಸಿದನೋ, ಮುಗಿಯಿತು. ಅವನು ಮುದುಕನಾಗಿ ಮನೆಗೆ ಹೋಗುವವರೆಗೆ ಕತ್ತರಿ ಕೈ ಬದಲಾಯಿಸುವಂತಿಲ್ಲ. ಹಳೆಯ ಮಾಸ್ಟರಿಗೆ ಮಣಿಕಟ್ಟು ನೋವು. ಇನ್ನೊಂದು ತಿಂಗಳಲ್ಲಿ ಹೊರಡುವವರಿದ್ದರು. ಕತ್ತರಿ ಬಂದರೆ ಕಾಲರಣ್ಣನಿಗೆ, ಇಲ್ಲದಿದ್ದರೆ ಜೇಬಿಗೆ. ಜೇಬು ವಯಸ್ಸಿನಲ್ಲಿ ಚಿಕ್ಕವನು. ಆದ್ದರಿಂದ ಕಾಲರಣ್ಣ ಈ ಸಲ ತಪ್ಪಿಸಿಕೊಂಡರೆ ಈ ಜನ್ಮಕ್ಕೆ ತಪ್ಪಿಸಿಕೊಂಡಂತೆಯೇ.

ಹೀಗಿರುವಾಗ ಜೇಬು ಒಂದು ಮಧ್ಯಾಹ್ನ ಮಾಸ್ಟರಿಗೆ ಕೇಕು ತಂದ.

"ನನ್ನ ಹೆಂಡ್ತಿ ಮಾಡಿದ್ದು ಮಾಸ್ಟ್ರೆ."

ಮಾಸ್ಟರು ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಏನೋ ಇದು, ಹತ್ತಿ ಇದ್ದ ಹಾಗಿದೆ!"

ಕಾಲರಣ್ಣನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಬೆಂಕಿ ಬಿದ್ದ ಹೊಟ್ಟೆಯಿಂದ ಮಾತು ತಾನಾಗಿಯೇ ಹಾರಿ ಬಂತು.

"ಮೆತ್ತಗಿದ್ರೆ ಏನ್ ಬಂತು ಮಾಸ್ಟ್ರೆ? ಒಳಗೆ ಕಸುವಿರ್ಬೇಕು. ನಾನು ಮನೇಲಿ ಬ್ರೆಡ್ ಮಾಡ್ತೀನಲ್ಲ, ಪ್ರೋಟೀನ್ ಪುಡೀದು. ಬರೀ ಗಿಡದಿಂದ ತೆಗೆದದ್ದು. ಅದನ್ನ ನಾಲ್ಕು ದಿನ ತಿನ್ನಿ, ನಿಮ್ಮ ಕೈಯಲ್ಲಿ ಕತ್ತರಿ ಹೂವಾಗುತ್ತೆ."

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು.

"ನೀವು? ಬ್ರೆಡ್ಡು?" ಎಂದಳು ಗುಂಡಿಯಕ್ಕ. "ನಿಮ್ಮನೇಲಿ ಹಾಲು ಉಕ್ಕಿದ್ರೆ ಹೆಂಡ್ತಿನ ಕರೆಯಕ್ಕೆ ಬೀದಿಗೆ ಓಡೋರಲ್ವಾ ನೀವು?"

"ಅದೆಲ್ಲ ಮುಂಚೆ" ಎಂದ ಕಾಲರಣ್ಣ, ಗಂಭೀರವಾಗಿ.

ಪುಡಿಯೇನೋ ಇತ್ತು. ಅದು ಮಾತ್ರ ಸುಳ್ಳಲ್ಲ. ಕಾಲರಣ್ಣನ ಭಾವಮೈದ, ಎಂದರೆ ಹೆಂಡತಿಯ ತಮ್ಮ, ಬಾಗಿಲಲ್ಲಿ ಅಡ್ಡಡ್ಡ ನುಗ್ಗಬೇಕಾದಂಥ ಆಳು. ಜಿಮ್ ನಡೆಸುತ್ತಿದ್ದ. ಅದು ಮುಚ್ಚಿದಾಗ ಕಬ್ಬಿಣದ ಗುಂಡುಗಳನ್ನು ಯಾರೋ ಕೊಂಡರು, ಕನ್ನಡಿಗಳನ್ನು ಇನ್ಯಾರೋ ಕೊಂಡರು. ಬಟಾಣಿಯಿಂದ ತೆಗೆದ ಪ್ರೋಟೀನ್ ಪುಡಿಯ ಮೂಟೆಯನ್ನು ಮಾತ್ರ ಯಾರೂ ಮೂಸಿ ನೋಡಲಿಲ್ಲ. ಮೂಸಿ ನೋಡಿದವರಂತೂ ಖಂಡಿತ ಕೊಳ್ಳಲಿಲ್ಲ. ಅವನು ಆ ಮೂಟೆಯನ್ನೂ, ತನ್ನದೊಂದು ಪ್ಯಾಂಟನ್ನೂ ಅಕ್ಕನ ಮಂಚದ ಕೆಳಗೆ ತಳ್ಳಿ, ದೂರದ ಊರಿನ ಈಜುಕೊಳದಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದ.

ರಜೆಯ ದಿನ ಕಾಲರಣ್ಣ ತೋಳು ಮಡಿಸಿ ಅಡುಗೆಮನೆಗೆ ಇಳಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಅವಳು ಪಾರ್ಸೆಲ್ ಆಫೀಸಿನ ಕೌಂಟರಿನಲ್ಲಿ ಕೂರುವವಳು. ಯಾವ ವಸ್ತುವನ್ನು ಕಂಡರೂ ಇದು ಒಡೆಯುತ್ತದೋ, ಸೋರುತ್ತದೋ, ನಾರುತ್ತದೋ ಎಂದು ಮೊದಲು ಯೋಚಿಸುವುದು ಅವಳ ವೃತ್ತಿಧರ್ಮ.

"ರೀ, ಚೀಲದ ಮೇಲೆ ಏನೋ ಬರೆದಿದಾರೆ ನೋಡಿ. ಮೈದಾಗೆ ಒಂಚೂರು ಮಾತ್ರ ಬೆರೆಸ್ಬೇಕಂತೆ."

ಕಾಲರಣ್ಣ ಓದಿದ. ಓದಿ, ಇದು ಧೈರ್ಯ ಸಾಲದವರಿಗಾಗಿ ಬರೆದದ್ದು ಎಂದುಕೊಂಡ. ಒಂಚೂರು ಹಾಕಿದರೆ ಒಳ್ಳೆಯದೆಂದಾದರೆ ಪೂರ್ತಿ ಅದನ್ನೇ ಹಾಕಿದರೆ ಎಷ್ಟು ಒಳ್ಳೆಯದು! ಬಕ್ರಮ್ಮಿನ ಲೆಕ್ಕವೇ ಇದಕ್ಕೂ. ಮೈದಾ ಡಬ್ಬವನ್ನು ಮೇಲಕ್ಕಿಟ್ಟು, ಪುಡಿಯನ್ನು ಬೋಗುಣಿಗೆ ಸುರಿದ.

ಬಟಾಣಿ ಪುಡಿಗೆ ಒಂದು ಗುಣವಿದೆ. ಅದು ನೀರು ಕುಡಿಯುತ್ತದೆ. ಒಂದು ಲೋಟ ಹಾಕಿದ, ಕುಡಿಯಿತು. ಇನ್ನೊಂದು ಹಾಕಿದ, ಅದನ್ನೂ ಕುಡಿದು ಗಟ್ಟಿಯಾಗಿ ಕೂತಿತು. ಮೂರನೆಯದಕ್ಕೆ ಕೈಯನ್ನೇ ಹಿಡಿದುಕೊಂಡಿತು. ಕಾಲರಣ್ಣ ಬೋಗುಣಿಯಿಂದ ಕೈ ಎಳೆದುಕೊಳ್ಳಲು ಹೆಂಡತಿ ಆ ಕಡೆಯಿಂದ ಜಗ್ಗಬೇಕಾಯಿತು.

ಓವನ್ನಿನಿಂದ ಹೊರಬಂದಾಗ ಬ್ರೆಡ್ಡು ಬೂದುಬಣ್ಣಕ್ಕಿತ್ತು, ಒಳಗೆ ಹೋದಾಗ ಎಷ್ಟೆತ್ತರ ಇತ್ತೋ ಅಷ್ಟೇ ಎತ್ತರವಿತ್ತು. ಮೇಜಿನ ಮೇಲಿಟ್ಟರೆ ಠಕ್ಕೆಂದಿತು. ಕೆಳಮನೆಯವರು ಕೋಲಿನಿಂದ ಸೂರು ಕುಟ್ಟಿ ಗಲಾಟೆ ಮಾಡಬೇಡಿ ಎಂದರು.

ಹೆಂಡತಿ ಅದನ್ನೆತ್ತಿ ಎರಡೂ ಕೈಯಲ್ಲಿ ತೂಗಿದಳು. "ಇದನ್ನ ಪಾರ್ಸೆಲ್ ಮಾಡಿದ್ರೆ ತಿಂಡಿ ಅಂತ ಬರೆಯಕ್ಕಾಗಲ್ಲ ಕಣ್ರೀ. ಕಟ್ಟಡದ ಸಾಮಾನು ಅಂತ ಬರೀಬೇಕು."

"ನಿಂಗೊತ್ತಾಗಲ್ಲ ಬಿಡು. ನೋಡು, ಹೇಗೆ ನೆಟ್ಟಗೆ ನಿಂತಿದೆ!"

ಧೈರ್ಯ ಮಾಡಿ ಒಂದು ತುಂಡು ಬಾಯಿಗೆ ಹಾಕಿಕೊಂಡ. ತುಂಡು ಅವನ ಬಾಯಲ್ಲಿದ್ದ ಎಂಜಲನ್ನೆಲ್ಲ ಹೀರಿ, ಇನ್ನೂ ಇದ್ದರೆ ಕೊಡು ಎನ್ನುವಂತೆ ಅಂಗುಳಕ್ಕೆ ಅಂಟಿ ಕೂತಿತು. ಒಳ್ಳೆಯ ಪದಾರ್ಥಗಳ ರುಚಿ ಮೊದಲ ಸಲಕ್ಕೆ ತಿಳಿಯುವುದಿಲ್ಲ ಎಂದು ಅವನು ಸಮಾಧಾನ ಹೇಳಿಕೊಂಡ. ಬಾಯಿ ಬಿಡಲಾಗದೆ ಮನಸ್ಸಿನಲ್ಲೇ ಹೇಳಿಕೊಂಡ.

ಬ್ರೆಡ್ಡಿನ ಜೊತೆಗೆ ಬಿಸ್ಕತ್ತೂ ಇರಲೆಂದು ಮತ್ತೆ ಹಿಟ್ಟು ಕಲಸಲು ಕೂತ. ಕಾರ್ಖಾನೆಯಲ್ಲಿ ಏನಿದ್ದರೂ ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡುವ ಅಭ್ಯಾಸ. ಬೋಗುಣಿ ತೊಡೆಯ ಮೇಲೆ ಮಗುಚಿತು. ಹೆಂಡತಿ ಪ್ಯಾಂಟನ್ನು ಬಿಸಿನೀರಿನಲ್ಲಿ ನೆನೆಸಿದಳು. ಹಿಟ್ಟು ಅಲ್ಲೇ ಬೆಂದು ಗಟ್ಟಿಯಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಪ್ಯಾಂಟು ಬಚ್ಚಲ ಮೂಲೆಯಲ್ಲಿ ಯಾರ ಹಂಗೂ ಇಲ್ಲದೆ ತಾನೇ ನಿಂತಿತ್ತು.

"ಏನೇ, ಇನ್ನೊಂದು ಪ್ಯಾಂಟು?"

"ತಂತಿ ಮೇಲೆ, ಒದ್ದೆ. ನಮ್ಮ ತಮ್ಮಂದು ಹಾಕ್ಕೊಂಡು ಹೋಗಿ."

ಇಲ್ಲಿ ಒಂದು ಮಾತು ಹೇಳಬೇಕು. ಆ ಕಾರ್ಖಾನೆಯವರು ತೊಡುವುದು ಅಲ್ಲೇ ಉಳಿದ ನೀಲಿ ಬಟ್ಟೆಯಲ್ಲಿ ಮಾಸ್ಟರೇ ಕತ್ತರಿಸಿಕೊಟ್ಟ ಪ್ಯಾಂಟು. ಭಾವಮೈದನಿಗೂ ಕಾಲರಣ್ಣ ಹಿಂದೊಮ್ಮೆ ಮಾಸ್ಟರಿಗೆ ದುಂಬಾಲು ಬಿದ್ದು ಅದೇ ಬಟ್ಟೆಯಲ್ಲಿ ಒಂದು ಕತ್ತರಿಸಿ ಕೊಡಿಸಿದ್ದ. ಅದೇ ನೀಲಿ, ಅದೇ ಹೊಲಿಗೆ, ಅದೇ ಜೇಬು. ಸೊಂಟ ಮಾತ್ರ ಇಬ್ಬರು ಕಾಲರಣ್ಣರದ್ದು. ಅವನು ಬೆಲ್ಟು ಬಿಗಿದು, ಮಿಕ್ಕಿದ ಬಟ್ಟೆಯನ್ನು ಸುತ್ತಲೂ ನೆರಿಗೆ ಹಾಕಿಕೊಂಡು ಕೆಲಸಕ್ಕೆ ಹೋದ.

ಬೇರೆಯವರು ನಿಮ್ಮನ್ನು ಕಂಡರೆ ಮುಖ ನೋಡುತ್ತಾರೆ. ದರ್ಜಿಗಳು ಸೊಂಟ ನೋಡುತ್ತಾರೆ. ಕಾಲರಣ್ಣ ಒಳಗೆ ಕಾಲಿಟ್ಟಾಗ ಮಾಸ್ಟರು ಕನ್ನಡಕದ ಮೇಲಿಂದ ನೋಡಿದರು. ಸೀಮೆಸುಣ್ಣ ಕೈಯಿಂದ ಜಾರಿತು.

ತಾನು ಕತ್ತರಿಸಿದ ಪ್ಯಾಂಟು ಸಡಿಲವಾಗುವುದು ಸಾಧ್ಯವಿಲ್ಲ ಎನ್ನುವುದು ಮಾಸ್ಟರ ನಂಬಿಕೆ. ಸೂರ್ಯ ಒಂದು ದಿನ ತಡವಾಗಿ ಹುಟ್ಟಬಹುದು, ಅವರ ಅಳತೆ ತಪ್ಪುವುದಿಲ್ಲ. ಪ್ಯಾಂಟು ಸರಿಯಾಗಿದೆ ಎಂದಮೇಲೆ ಕರಗಿರುವುದು ಮನುಷ್ಯನೇ. ಎರಡು ದಿನದಲ್ಲಿ ಇಷ್ಟೊಂದು ಕರಗಬೇಕಾದರೆ ಅದು ಸಣ್ಣಪುಟ್ಟ ಕಾಯಿಲೆಯಲ್ಲ.

ಮಧ್ಯಾಹ್ನ ಕಾಲರಣ್ಣ ಡಬ್ಬಿ ಬಿಚ್ಚಿ ಬೂದುಬಣ್ಣದ ಬ್ರೆಡ್ಡನ್ನು ಮುಂದಿಟ್ಟಾಗ ಮಾಸ್ಟರಿಗೆ ಇದ್ದ ಅನುಮಾನವೂ ಹೋಯಿತು. ಅವರ ಸ್ವಂತ ಅಣ್ಣ ಆಸ್ಪತ್ರೆಯಲ್ಲಿ ಕೊನೆಕೊನೆಗೆ ತಿನ್ನುತ್ತಿದ್ದ ಪಥ್ಯಕ್ಕೂ ಇದೇ ಬಣ್ಣವಿತ್ತು. ಪಾಪ, ಹುಡುಗ ತನ್ನ ಪಥ್ಯದಲ್ಲಿ ಪಾಲು ತೆಗೆದು ನನಗೆ ತಂದಿದ್ದಾನೆ! ಅವರು ಒಂದು ತುಂಡು ಮುರಿದುಕೊಂಡರು. ಮುರಿಯಲು ಮೇಜಿನ ಅಂಚು ಬೇಕಾಯಿತು.

"ಹೇಗಿದೆ ಮಾಸ್ಟ್ರೆ?"

ಮಾಸ್ಟರು ಅಗಿದರು. ಮತ್ತೂ ಅಗಿದರು. ಕಣ್ಣಿಂದ ನೀರು ದಳದಳ ಇಳಿಯಿತು.

"ಚೆನ್ನಾಗಿದೆ ಕಣೋ ಕಾಲರ್. ತುಂಬ... ತುಂಬ ಚೆನ್ನಾಗಿದೆ."

ಬ್ರೆಡ್ಡು ತಿಂದು ಅತ್ತ ಮನುಷ್ಯನನ್ನು ಕಾಲರಣ್ಣ ಹಿಂದೆಂದೂ ಕಂಡಿರಲಿಲ್ಲ. ಜೇಬು ತಂದ ಕೇಕಿಗೆ ಮಾಸ್ಟರು ಬರೀ ಕಣ್ಣು ಮುಚ್ಚಿದ್ದರು. ತನ್ನ ಬ್ರೆಡ್ಡಿಗೆ ಕಣ್ಣೀರು! ಕತ್ತರಿ ಕೈಗೆ ಬಂದೇ ಬಿಟ್ಟಿತು ಎಂದು ಅವನಿಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ದಿನದಿಂದ ಅದು ಅದೃಷ್ಟದ ಪ್ಯಾಂಟಾಯಿತು. ತಂತಿಯ ಮೇಲಿನ ಸ್ವಂತ ಪ್ಯಾಂಟು ಒಣಗಿ ಮಡಿಕೆಯಾಗಿ ಕಪಾಟಿಗೆ ಹೋದರೂ ಕಾಲರಣ್ಣ ಭಾವಮೈದನದ್ದನ್ನು ಬಿಡಲಿಲ್ಲ. ತೊಟ್ಟಷ್ಟೂ ಅದು ಜೋಲಿತು, ಬೆಲ್ಟಿಗೆ ಹೊಸ ತೂತು ಬಿತ್ತು. ಬೆಳಿಗ್ಗೆ ಬೆಳಿಗ್ಗೆ ಇಡೀ ಕಾರ್ಖಾನೆ ಆ ಹೊಸ ತೂತನ್ನೇ ನೋಡಿ ನಿಟ್ಟುಸಿರು ಬಿಡುತ್ತಿತ್ತು. ಮಾಸ್ಟರು ಗುಂಡಿಯಕ್ಕನಿಗೆ ಹೇಳಿದ್ದರು, ಯಾರಿಗೂ ಹೇಳಬೇಡ ಎಂದು. ಅವಳು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ಯಾರಿಗೂ ಹೇಳಬೇಡಿ ಎಂದೇ ಹೇಳಿದ್ದಳು.

ಎಲ್ಲರೂ ತಿಂದರು. ಬ್ರೆಡ್ಡಾಯಿತು, ಬಿಸ್ಕತ್ತಾಯಿತು, ಚಮಚ ನೆಟ್ಟರೆ ನೆಟ್ಟಲ್ಲೇ ನಿಲ್ಲುವ ಸೂಪಾಯಿತು, ಬಾಯಲ್ಲಿ ರಬ್ಬರಿನ ಹಾಗೆ ಹಿಗ್ಗುವ ಬನ್ನಾಯಿತು. ಸಾಯುವವನ ಕೈಯ ತುತ್ತು ಬೇಡವೆನ್ನುವ ಕಲ್ಲೆದೆ ಯಾರಿಗಿದೆ? ಗುಂಡಿಯಕ್ಕನ ದವಡೆ ಹಲ್ಲಿನ ಸಿಮೆಂಟು ಒಂದು ಬಿಸ್ಕತ್ತಿನೊಡನೆ ಹೊರಟುಹೋಯಿತು. ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡು, "ರುಚಿ ಅಂದ್ರೆ ಇದು ಕಣಣ್ಣ" ಎಂದಳು.

ಜೇಬಂತೂ ಪೂರಾ ಬದಲಾದ. ಫ್ಯಾನಿನ ಕೆಳಗಿನ ತನ್ನ ಜಾಗ ಬಿಟ್ಟುಕೊಟ್ಟ. "ಕಾಲರಣ್ಣ, ನೀವು ಎತ್ಬೇಡಿ, ಗಂಟು ನಾನು ತರ್ತೀನಿ. ಕಾಲರಣ್ಣ, ನೀರು ಕುಡೀರಿ. ಕಾಲರಣ್ಣ, ನಾನೇನಾದ್ರೂ ಹಿಂದೆ ತಪ್ಪು ಮಾತಾಡಿದ್ರೆ ಹೊಟ್ಟೇಲಿ ಹಾಕ್ಕೊಳ್ಳಿ."

ಕಾಲರಣ್ಣ ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದ. "ನೋಡೇ, ಮಾಸ್ಟರ್ ಆಗೋನು ಯಾರು ಅಂತ ಗೊತ್ತಾದ ಕೂಡ್ಲೆ ಬಾಲ ಅಲ್ಲಾಡ್ಸಕ್ಕೆ ಶುರು ಮಾಡ್ಬಿಟ್ಟ!"

"ಬ್ರೆಡ್ ತಿಂದ್ನಾ?"

"ಎರಡು ತುಂಡು!"

"ಹಾಗಾದ್ರೆ ಏನೋ ಇದೆ ಕಣ್ರೀ" ಎಂದಳು ಹೆಂಡತಿ. "ಮನುಷ್ಯರು ಸುಮ್ನೆ ಅದನ್ನ ತಿನ್ನಲ್ಲ."

ಕಾಲರಣ್ಣನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಇನ್ನೊಂದು ಬ್ರೆಡ್ಡು ಮಾಡಿದ. ಅದು ಮಾಮೂಲಿಗಿಂತಲೂ ಗಟ್ಟಿಯಾಯಿತು.

ಕಾರ್ಖಾನೆಯ ಯಜಮಾನರು ಒಂದು ದಿನ ತಾವೇ ಕಾಲರಣ್ಣನ ಮೇಜಿನ ಬಳಿ ಬಂದರು. ಅವರು ಯಾರದಾದರೂ ಸಂಬಳ ಮುರಿಯುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಮೆಟ್ಟಿಲಿಳಿದು ಬಂದವರಲ್ಲ. ಹೆಗಲ ಮೇಲೆ ಕೈಯಿಟ್ಟು, "ರಜೆ ಬೇಕಿದ್ರೆ ತಗೊಳ್ಳಿ. ಸಂಕೋಚ ಬೇಡ" ಎಂದರು.

"ರಜೇನಾ? ಮುಂದಿನ ತಿಂಗಳಿಂದ ನಾನು ಇನ್ನೂ ಜಾಸ್ತಿ ಹೊತ್ತು ಇಲ್ಲೇ ಇರ್ತೀನಿ ಯಜಮಾನ್ರೆ!"

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ಇರ್ತೀರಿ. ನಮ್ಮ ಜೊತೆಗೇ ಇರ್ತೀರಿ. ಎಲ್ಲೂ ಹೋಗಲ್ಲ" ಎಂದು ತಡವರಿಸಿ ಮೆಟ್ಟಿಲು ಹತ್ತಿದರು.

ಇದಕ್ಕೆಲ್ಲ ಕಳಶವಿಟ್ಟಂತೆ ಒಂದು ಸಂಜೆ ಗುಂಡಿಯಕ್ಕ ಮನೆಗೇ ಬಂದಳು. ಕಾಲರಣ್ಣ ಅಡುಗೆಮನೆಯಲ್ಲಿ ಓವನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅತಿಥಿಗೆ ಬಿಸಿಬಿಸಿ ಬನ್ನನ್ನೇ ತಂದುಕೊಡೋಣವೆಂದು ಹೊರಗೆ ಹೋಗದೆ ಕಿವಿಯನ್ನಷ್ಟೇ ಹೊರಗಿಟ್ಟ. ಗುಂಡಿಯಕ್ಕ ಹೆಂಡತಿಯ ಕೈ ಹಿಡಿದುಕೊಂಡದ್ದು ಬಳೆಗಳ ಸದ್ದಿನಿಂದ ತಿಳಿಯಿತು.

"ಹೇಗಮ್ಮ ತಡ್ಕೊಂಡಿದೀಯ?"

"ಏನ್ ಮಾಡ್ಲಿ ಅಕ್ಕ. ಎಲ್ಲ ನನ್ನ ತಮ್ಮನಿಂದ ಬಂದಿದ್ದು."

"ಅಯ್ಯೋ! ಅವನಿಗೂ ಇತ್ತಾ?"

"ಅವನಿಗೆ ಇದು ವಿಪರೀತ ಇತ್ತು. ಇದೇ ಅವನ ಪ್ರಾಣ. ಕೊನೆಗೆ ಎಲ್ಲ ಬಿಟ್ಟು ಹೋದ."

"ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ಇವರನ್ನೂ ತೋರಿಸ್ಬೇಕು ಅನ್ಸುತ್ತೆ. ಆದ್ರೆ ಇದಕ್ಕೆ ಯಾವ ಡಾಕ್ಟ್ರು ಔಷಧಿ ಕೊಡ್ತಾರೆ? ಸುಮ್ನೆ ಮುಗಿಯೋ ತನಕ ನೋಡ್ತಾ ಇರೋದು ಅಷ್ಟೇ."

ಅವಳು ಹೇಳಿದ್ದು ಮೂಟೆಯ ವಿಚಾರ. ಗುಂಡಿಯಕ್ಕ ಗೋಳೋ ಎಂದು ಅಳತೊಡಗಿದಳು. ಕಾಲರಣ್ಣ ಬನ್ನು ಹಿಡಿದು ಹೊರಬಂದಾಗ ಅವಳು ಕಣ್ಣೊರೆಸಿಕೊಂಡು, ಎರಡು ತಗೊಂಡು, ಎದೆಗೊತ್ತಿಕೊಂಡು ಹೊರಟೇಹೋದಳು. ಹೆಂಡತಿ ಬಾಗಿಲನ್ನೇ ನೋಡುತ್ತ, "ನನ್ನ ಕಷ್ಟ ನೋಡಿ ಅತ್ತೋರು ಇವರೊಬ್ರೆ" ಎಂದಳು.

ಮಾಸ್ಟರ ಬೀಳ್ಕೊಡುಗೆಗೆ ಮೊದಲು ಕಾರ್ಖಾನೆಯಲ್ಲಿ ಏನೋ ಗುಟ್ಟು ನಡೆದಿತ್ತು. ಕಾಲರಣ್ಣ ಹತ್ತಿರ ಹೋದರೆ ಒಂದು ಕಪ್ಪು ಬಟ್ಟೆಯನ್ನು ಎಲ್ಲರೂ ಬಚ್ಚಿಡುತ್ತಿದ್ದರು. ಎಲ್ಲಕ್ಕಿಂತ ಆಶ್ಚರ್ಯವೆಂದರೆ, ಎಡತೋಳು ಬಲತೋಳಿನ ಜೊತೆ ಮಾತಾಡಿದಳು. "ತಂಗಿ, ನಿನ್ನ ಕಡೆ ಸ್ವಲ್ಪ ಹಿಡಿ" ಎಂದಳು. "ಹಿಡಿದೆ ಅಕ್ಕ" ಎಂದಳು ಬಲತೋಳು. ಬದುಕು ಇಷ್ಟೇ ಎಂದು ಇಬ್ಬರಿಗೂ ತಿಳಿದುಹೋಗಿತ್ತು. ಅವರು ಹೊಲಿಯುತ್ತಿದ್ದದ್ದು ಕೋಟು. ಮಾಸ್ಟರು ಕೋಟು ತೊಡುವುದು ವಾಡಿಕೆ. ಕಾಲರಣ್ಣ ಆ ಕಪ್ಪು ತೋಳನ್ನು ಓರೆಗಣ್ಣಿನಲ್ಲಿ ಕಂಡು, ಕಾಣದವನಂತೆ ತಿರುಗಿಕೊಂಡು ನಕ್ಕ. ಯಾರ ಅಳತೆಗೆ ಎಂದು ಕೇಳುವ ಅಗತ್ಯವೇ ಅವನಿಗೆ ಕಾಣಲಿಲ್ಲ.

ಆ ದಿನ ಬಂತು. ಕಾಲರಣ್ಣ ಜೀವನದ ಅತಿ ದೊಡ್ಡ ಕೇಕು ಮಾಡಿದ್ದ. ಬ್ರೆಡ್ಡಿನಿಂದ ಕಲಿತ ಪಾಠವೆಲ್ಲ ಅದರಲ್ಲಿತ್ತು, ಎಂದರೆ ಪುಡಿ ಇನ್ನೂ ಹೆಚ್ಚಿತ್ತು. ಅದನ್ನು ಎರಡೂ ಕೈಯಲ್ಲಿ ಹೊತ್ತು ತಂದು ಕತ್ತರಿಸುವ ಮೇಜಿನ ಮೇಲಿಟ್ಟ. ಮೇಜಿನ ಕಾಲು ಕಿರ್ರೆಂದಿತು. ಕತ್ತರಿ ಕೆಂಪು ಬಟ್ಟೆಯ ಮೇಲೆ ಹೊಳೆಯುತ್ತ ಮಲಗಿತ್ತು. ಯಜಮಾನರು ಕುರ್ಚಿ ತರಿಸಿ ಕಾಲರಣ್ಣನನ್ನು ಮುಂದೆ ಕೂರಿಸಿದರು. ಅವನು ಬೆರಳುಗಳನ್ನು ಮಡಿಸಿ ಬಿಡಿಸಿ ಸಡಿಲ ಮಾಡಿಕೊಂಡ.

ಮಾಸ್ಟರು ಕತ್ತರಿ ಎತ್ತಿದರು. ನಾಲ್ಕು ಹೆಜ್ಜೆ ನಡೆದರು. ಕಾಲರಣ್ಣನ ಕುರ್ಚಿಯ ಬಳಿ ಬಂದು, ಅವನ ತಲೆ ಸವರಿ, ದಾಟಿ ಹೋಗಿ, ಕತ್ತರಿಯನ್ನು ಜೇಬಿನ ಕೈಯಲ್ಲಿಟ್ಟರು.

ಜೇಬು ಅಳುತ್ತ ಒಂದು ತುಂಡು ನೀಲಿ ಬಟ್ಟೆಯನ್ನು ಚರ್ರನೆ ಕತ್ತರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಕಾಲರಣ್ಣನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಮಾಸ್ಟರು ಎಲ್ಲೋ ದಾರಿ ತಪ್ಪಿರಬೇಕು. ವಯಸ್ಸಾಗಿದೆ, ಕಣ್ಣು ಮಂಜು. ಅವನು ಕೈಯನ್ನು ಚಾಚಿಕೊಂಡೇ ಕೂತಿದ್ದ. ಚಾಚಿದ ಕೈಗೆ ಎಡತೋಳು ಬಲತೋಳು ಸೇರಿ ಕಪ್ಪು ಕೋಟನ್ನು ಇಟ್ಟರು. ಯಜಮಾನರು ಗಂಟಲು ಸರಿಪಡಿಸಿಕೊಂಡು ಭಾಷಣ ಶುರು ಮಾಡಿದರು.

"ಕಾಲರ್ ಬಹಳ ಒಳ್ಳೆ ಮನುಷ್ಯ ಆಗಿದ್ದರು. ಅವರು ಹೊಲಿದ ಕಾಲರು ಬಗ್ತಿರಲಿಲ್ಲ. ಅವರನ್ನ ನಾವ್ಯಾರೂ ಮರೆಯಲ್ಲ."

"ಆಗಿದ್ದರು ಅಂದ್ರೆ?" ಎಂದ ಕಾಲರಣ್ಣ.

ಗುಂಡಿಯಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಮಾಸ್ಟರು ಅವನ ಮುಂದೆ ಮಂಡಿಯೂರಿ ಕೂತರು. "ಮಗಾ, ಇನ್ನು ಮುಚ್ಚಿಡಬೇಡ. ನಿನ್ನ ಸೊಂಟ ಎಲ್ಲ ಹೇಳ್ತಾ ಇದೆ. ಎಷ್ಟು ದಿನ ಅಂತ ಹೇಳಿದಾರೆ ಡಾಕ್ಟ್ರು?"

ಕಾಲರಣ್ಣನ ತಲೆಯೊಳಗೆ ಫ್ಯಾನು, ನೀರು, ರಜೆ, ಕಣ್ಣೀರು, ಬನ್ನು ಎಲ್ಲ ಒಂದರ ಹಿಂದೆ ಒಂದು ಬಂದು ಕೂತವು. ಅವನು ಜಿಗಿದು ನಿಂತ.

"ನಾನು ಸಾಯ್ತಾ ಇಲ್ಲ!"

ಇಡೀ ಕಾರ್ಖಾನೆ ಬಿಕ್ಕಿ ಬಿಕ್ಕಿ ಅತ್ತಿತು.

"ಎಂಥಾ ಗುಂಡಿಗೆ ಇವರದು!" ಎಂದ ಜೇಬು.

"ಅಯ್ಯೋ ನಂಗೆ ಏನೂ ಆಗಿಲ್ಲ ಕಣ್ರೋ! ಈ ಪ್ಯಾಂಟು ನಂದಲ್ಲ! ನನ್ನ ಭಾವಮೈದಂದು!"

ಗುಂಡಿಯಕ್ಕ ಎದೆ ಹಿಡಿದುಕೊಂಡಳು. "ಸತ್ತೋರ ಪ್ಯಾಂಟು ಯಾಕಪ್ಪಾ ಹಾಕ್ಕೊಂಡೆ!"

"ಯಾರು ಸತ್ತೋರು? ಅವನು ಈಜುಕೊಳದಲ್ಲಿದಾನೆ!"

"ಅಯ್ಯಯ್ಯೋ, ಮುಳುಗಿ ಹೋದ್ನಾ!"

"ಕೆಲಸಕ್ಕಿದಾನೆ! ಟವೆಲ್ ಕೊಡೋ ಕೆಲಸ!"

ಇನ್ನು ಮಾತಿನಿಂದ ಆಗುವುದಿಲ್ಲವೆಂದು ಕಾಲರಣ್ಣ ಬೆಲ್ಟು ಬಿಚ್ಚಿ, ಒಂದು ಕೈಯಲ್ಲಿ ಮಾನವನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೊಂಟದ ಪಟ್ಟಿಯನ್ನು ಒಳಮಗ್ಗುಲಿಗೆ ಮಡಿಸಿ ಮಾಸ್ಟರ ಮೂಗಿನ ಕೆಳಗೆ ಹಿಡಿದ. ಮಾಸ್ಟರು ತಾವು ಕತ್ತರಿಸಿದ ಪ್ಯಾಂಟಿಗೆಲ್ಲ ಅಲ್ಲೊಂದು ಗುರುತು ಹಾಕುತ್ತಿದ್ದರು. ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು. ಆನೆಯಂಥ ಆಳಿನ ಸೊಂಟದ ಅಳತೆ, ಅವರದೇ ಕೈಬರಹದಲ್ಲಿ.

ಅಳು ನಿಂತಿತು. ಅದರ ಜಾಗದಲ್ಲಿ ಸಂತೋಷ ಬರುತ್ತದೆ ಎಂದು ಕಾಲರಣ್ಣ ಕಾದ. ಮನುಷ್ಯನೊಬ್ಬ ಸಾವಿನ ಬಾಯಿಂದ ವಾಪಸು ಬಂದಿದ್ದಾನೆ, ಯಾರಾದರೂ ತಬ್ಬಿಕೊಳ್ಳಬಹುದು. ಯಾರೂ ತಬ್ಬಿಕೊಳ್ಳಲಿಲ್ಲ. ಮೊದಲು ಬಾಯಿ ಬಿಟ್ಟವಳು ಗುಂಡಿಯಕ್ಕ. ಅವಳ ದನಿ ಬಹಳ ತಣ್ಣಗಿತ್ತು.

"ಹಾಗಾದ್ರೆ ಆ ಬಿಸ್ಕತ್ತು?"

"ನಾನೇ ಮಾಡಿದ್ದು."

"ಪಥ್ಯ ಅಲ್ವಾ ಅದು?"

"ಪಥ್ಯ ಏನಕ್ಕ? ತಿಂಡಿ!"

"ಕಾಯಿಲೆ ಕಸಾಲೆ ಏನೂ ಇಲ್ದೋನು," ಎಂದಳು ಗುಂಡಿಯಕ್ಕ, ಒಂದೊಂದೇ ಮಾತನ್ನು ಗುಂಡಿಯ ಹಾಗೆ ಗಟ್ಟಿಯಾಗಿ ಕೂರಿಸುತ್ತ, "ಬುದ್ಧಿ ನೆಟ್ಟಗಿರೋನು, ಬೇಕು ಅಂತ್ಲೇ ಅದನ್ನ ಮಾಡಿ ನಮಗೆ ತಿನ್ಸಿದೀಯ! ನನ್ನ ಹಲ್ಲು ಹೋಯ್ತಲ್ಲೋ!"

"ನಂಗೆ ವಾರದಿಂದ ಹೊಟ್ಟೆ ಕಲ್ಲಾಗಿದೆ!" ಎಂದ ಜೇಬು. "ಸಾಯೋರು ಅಂತ ತಿಂದೆ ನಾನು! ಬದುಕಿರೋರು ಅಂತ ಗೊತ್ತಿದ್ರೆ ಮುಟ್ತಿದ್ನಾ?"

"ಚೆನ್ನಾಗಿದೆ ಅಂದ್ರಲ್ಲ ಎಲ್ರೂ..." ಎಂದ ಕಾಲರಣ್ಣ. ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಅಂದ್ವಪ್ಪ! ಸಾಯೋನ ಮುಂದೆ ಇನ್ನೇನಂತಾರೆ?" ಎಂದಳು ಗುಂಡಿಯಕ್ಕ.

ಎಡತೋಳು ಕೋಟನ್ನು ನೋಡಿ, "ಇವಳ ಕಡೆ ಹೊಲಿಗೆ ಸೊಟ್ಟ ಬಂದಿದೆ" ಎಂದಳು. ಬಲತೋಳು ಮುಖ ತಿರುಗಿಸಿಕೊಂಡಳು. ಅವರಿಬ್ಬರ ಮಾತು ಅಲ್ಲಿಗೆ ಮತ್ತೆ ನಿಂತಿತು, ಅದಕ್ಕೂ ಕಾಲರಣ್ಣನೇ ಕಾರಣನಾದ. ಯಜಮಾನರು ಭಾಷಣದ ಮಿಕ್ಕ ಭಾಗವನ್ನು ನುಂಗಿಕೊಂಡು, "ನಾಳೆ ಬೇಗ ಬನ್ನಿ, ಕೆಲಸ ಹಿಂದೆ ಬಿದ್ದಿದೆ" ಎಂದಷ್ಟೇ ಹೇಳಿ ಮೇಲಕ್ಕೆ ಹೋದರು. ಕೇಕಿಗೆ ಯಾರೂ ಕೈ ಹಾಕಲಿಲ್ಲ. ಎಲ್ಲರೂ ಅದನ್ನು ಬಳಸಿಕೊಂಡು, ಸ್ವಲ್ಪ ದೂರದಿಂದಲೇ, ತಮ್ಮ ತಮ್ಮ ಯಂತ್ರಗಳಿಗೆ ಹೋದರು.

ಇನ್ನು ಉಳಿದದ್ದು ಕತ್ತರಿ. ಕಾಲರಣ್ಣ ಆ ಕಡೆ ನೋಡಿದ. ಜೇಬೂ ನೋಡಿದ. ನೋಡಿ, ಅದನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡ. ನೀಲಿ ಬಟ್ಟೆಯ ತುಂಡು ನೆಲದ ಮೇಲೆ ಬಿದ್ದಿತ್ತು. ಕತ್ತರಿಸಿದ್ದನ್ನು ಕತ್ತರಿಸಲಿಲ್ಲ ಎನ್ನಲು ಯಾರಿಂದಾದರೂ ಆದೀತೇ?

"ಕೋಟಾದ್ರೂ ಹಾಕ್ಕೊಂಡು ನೋಡಿ" ಎಂದ ಹೊಸ ಮಾಸ್ಟರು. ಕಾಲರಣ್ಣ ತೊಟ್ಟ. ದಿನೇ ದಿನೇ ಕರಗುವವನಿಗೆಂದು ಹೊಲಿದ ಕೋಟು. ಬದುಕಿರುವವನಿಗೆ ಗುಂಡಿ ಕೂಡಲಿಲ್ಲ. ತೋಳು ಬಿಗಿದು ಕೈಗಳೆರಡೂ ಮುಂದಕ್ಕೆ ಚಾಚಿಕೊಂಡು ನಿಂತವು. ಕಾಲರು ಮಾತ್ರ, ಬೇರೆ ಯಾರೋ ಹೊಲಿದದ್ದು, ಬಗ್ಗಿತ್ತು.

ಗೇಟಿನ ಬಳಿ ಮಾಸ್ಟರು ಅವನಿಗಾಗಿ ನಿಂತಿದ್ದರು. ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

"ಲೋ ಕಾಲರ್, ನಿನಗೆ ಹೇಳಬಾರದು. ಆದ್ರೂ ಹೊಟ್ಟೇಲಿ ಇಟ್ಕೊಳ್ಳಕ್ಕೆ ಜಾಗ ಇಲ್ಲ, ಅಲ್ಲಿ ನಿನ್ನ ಬ್ರೆಡ್ಡಿದೆ. ಕತ್ತರಿ ನಿನಗೇ ಅಂತ ಹೋದ ವರ್ಷನೇ ಯಜಮಾನ್ರಿಗೆ ಹೇಳಿದ್ದೆ ಕಣೋ."

"ಹೋದ ವರ್ಷ?"

"ಹೂಂ. ನೀನು ಏನೂ ಮಾಡದೆ ಸುಮ್ನೆ ಕೂತಿದ್ರೆ ಸಾಕಿತ್ತು" ಎಂದು ಹೇಳಿ, ದವಡೆ ಸವರಿಕೊಳ್ಳುತ್ತ ಹೊರಟುಹೋದರು.

ಕಾಲರಣ್ಣ ಬಿಗಿಕೋಟಿನಲ್ಲಿ, ಜೋಲುಪ್ಯಾಂಟಿನಲ್ಲಿ, ಮುಂದಕ್ಕೆ ಚಾಚಿದ ಕೈಗಳ ಮೇಲೆ ಕೇಕು ಹೊತ್ತುಕೊಂಡು ಮನೆಗೆ ನಡೆದ. ಎಲ್ಲಿಯಾದರೂ ಬೀದಿಯ ಮೂಲೆಯಲ್ಲಿ ಇಟ್ಟು ಬರೋಣವೆಂದರೆ, ದಾರಿಗೆ ಅಡ್ಡ ಏನಿಟ್ಟೆ ಎಂದು ಪೊಲೀಸಿನವನು ಕೇಳಿದರೆ ಏನೆಂದು ಹೇಳುವುದು? ಅದೂ ಆಗಲಿಲ್ಲ.

ಬಾಗಿಲು ತೆರೆದ ಹೆಂಡತಿ ಮೊದಲು ಅವನ ಕೈ ನೋಡಿದಳು. "ಕತ್ತರಿ?"

ಅವನು ಕುರ್ಚಿಯ ಮೇಲೆ ಕುಸಿದು ಎಲ್ಲವನ್ನೂ ಹೇಳಿದ. ಭಾವಮೈದ ಮುಳುಗಿ ಸತ್ತ ಕಡೆ ಅವಳ ತುಟಿ ಒಂದಿಷ್ಟು ಕೊಂಕಿತು. ಹೋದ ವರ್ಷದ ಮಾತಿಗೆ ಬಂದಾಗ ಅದೂ ನಿಂತುಹೋಯಿತು. ಅವಳು ತಮಾಷೆ ಮಾಡಲಿಲ್ಲ. ಮದುವೆಯಾದಾಗಿನಿಂದ ಅವಳು ತಮಾಷೆ ಮಾಡದೆ ಇದ್ದದ್ದು ಅದೇ ಮೊದಲು. ಕಾಲರಣ್ಣನಿಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಆಗಲೇ. ಬಚ್ಚಲ ಮೂಲೆಯಲ್ಲಿ ಅವನ ಹಳೆಯ ಪ್ಯಾಂಟು ಇನ್ನೂ ನೆಟ್ಟಗೆ ನಿಂತಿತ್ತು. ಆ ಮನೆಯಲ್ಲಿ ಇನ್ನು ನೆಟ್ಟಗೆ ನಿಂತದ್ದು ಅದೊಂದೇ.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?" ಎಂದು ಕೇಳಿದಳು ಹೆಂಡತಿ.

"ಇಲ್ಲ."

ಅವಳೂ ಅವನ ದಾರಿ ಕಾಯುತ್ತ ಏನೂ ಮಾಡಿರಲಿಲ್ಲ. ಮನೆಯಲ್ಲಿದ್ದದ್ದು ಆ ಕೇಕು. ಅವಳು ಚಾಕು ತಂದು ಇಟ್ಟು ಒತ್ತಿದಳು. ಚಾಕು ಇಳಿಯಲಿಲ್ಲ. ಎದ್ದು ನಿಂತು ಎರಡೂ ಕೈಯ ಭಾರ ಬಿಟ್ಟಳು. ಚಾಕು ಬಾಗಿತು. ಬಾಗಿದ ಚಾಕುವನ್ನು ಬದಿಗಿಟ್ಟು, ಗಂಡನ ಪಕ್ಕದಲ್ಲಿ ಕೂತು, ಕೇಕನ್ನೇ ಬಹಳ ಹೊತ್ತು ನೋಡಿದಳು.

"ಆ ಕತ್ತರಿ ಸಿಕ್ಕಿದ್ರೆ ಇದನ್ನಾದ್ರೂ ಕತ್ತರಿಸಬಹುದಿತ್ತು ಕಣ್ರೀ" ಎಂದಳು.